ಮಾಂಟೆಸೊರಿ ಪದ್ಧತಿಯಲ್ಲಿ ಸ್ವಾತಂತ್ರ್ಯ ಮತ್ತು ಹೊಣೆ

ಮುಂಬಯಿಯ ಪೂರ್ವ ಉಪನಗರವಾದ ಘಾಟ್ಕೋಪರ್ 1950ರಲ್ಲಿ ಬೃಹನ್ಮುಂಬಯಿಯ ಆಡಳಿತಕ್ಕೆ ಸೇರಿತು. ಕಾಠಿಯಾವಾಡ, ಕಚ್ಛಗಳಿಂದ ಬಂದ ವರ್ತಕ ಕುಟುಂಬಗಳೂ ಕನ್ನಡ ಕರಾವಳಿಯಿಂದ ಬಂದವರೂ ಇಲ್ಲಿ ಬಹುಕಾಲದಿಂದ ನೆಲಸಿದ್ದಾರೆ. ಅಸಲ್ಫಾ ಗುಡ್ಡದ ಮೇಲೆ ಒತ್ತಾಗಿ ಏರಿನಿಂತ ಮನೆಗಳಲ್ಲಿ ದುಡಿಯುವ ಜನರ ಸಂಸಾರಗಳಿವೆ. 'ಮಾಂಟೆಸೊರಿ' ಎಂಬ ಹೆಸರನ್ನು ಕೇಳಿದೊಡನೆ ನಗರದ ಜನರಿಗೆ ನೆನಪಾಗುವುದು ಶುಲ್ಕ ತೆರಬಲ್ಲವರ ಶಿಶುವಿಹಾರ. 'ಅಂಗನವಾಡಿ' ಎಂದೊಡನೆ ಬಡವರ ಮಕ್ಕಳ ಕೇಂದ್ರ. ಇವೆರಡಕ್ಕೂ ಸಂಬಂಧವಿಲ್ಲವೆಂದೇ ಹಲವರ ಎಣಿಕೆ. ಇತಿಹಾಸವು ಬೇರೆಯ ಮಾತನ್ನು ಹೇಳುತ್ತದೆ.

ಡಾ. ಮರಿಯಾ ಮಾಂಟೆಸೊರಿಯವರು ತಮ್ಮ ಮೊದಲನೆಯ 'ಮಕ್ಕಳ ಮನೆ'ಯನ್ನು ತೆರೆದುದು 1907ರ ಜನವರಿ 6ರಂದು, ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ. ಮುಂಬಯಿಯವರಿಗೆ ಅದನ್ನು ಚಾಳು ಎಂದರೆ ಸಾಕು. ತಂದೆತಾಯಿಗಳು ಕೆಲಸಕ್ಕೆ ಹೋದ ಮೇಲೆ ಮಕ್ಕಳು ಗೋಡೆ ಮೆಟ್ಟಿಲುಗಳನ್ನು ಕೆಡಿಸುತ್ತಿದ್ದುದರಿಂದ, ಅವರನ್ನು ಒಂದೆಡೆ ಇರಿಸಿ ನೋಡಿಕೊಳ್ಳುವ ಏರ್ಪಾಡು ಕಟ್ಟಡದ ಒಡೆತನದ ಸಂಸ್ಥೆಗೆ ಬೇಕಾಗಿತ್ತು. ಕಟ್ಟಡವನ್ನು ಮಕ್ಕಳಿಂದ ಕಾಪಾಡಲು ಹುಟ್ಟಿದ ಏರ್ಪಾಡು, ಮಕ್ಕಳೇ ತಮ್ಮ ಕೋಣೆಯನ್ನು ಕಾಪಾಡಿಕೊಳ್ಳುವ ಪ್ರಯೋಗವಾಗಿ ಪರಿಣಮಿಸಿತು.

ಆ ಪದ್ಧತಿಯ ಕೋಣೆಯಲ್ಲಿ ಮಗುವಿನ ಕೈಗೆಟಕುವ ತಗ್ಗಾದ ಕಪಾಟುಗಳಿರುತ್ತವೆ. ಮಗು ತಾನೇ ಎತ್ತಿಡಬಲ್ಲ ಹಗುರವಾದ ಕುರ್ಚಿ ಮೇಜುಗಳಿರುತ್ತವೆ. ಯಾವ ಕೆಲಸವನ್ನು ಆರಿಸಬೇಕು, ಎಷ್ಟು ಹೊತ್ತು ಮಾಡಬೇಕು ಎಂಬುದು ಮಗುವಿಗೆ ಬಿಟ್ಟ ವಿಷಯ. ಆದರೆ ಪ್ರತಿಯೊಂದು ಸಾಧನವೂ ಸಾಮಾನ್ಯವಾಗಿ ಒಂದೊಂದೇ. ಇನ್ನೊಬ್ಬನ ಕೈಯಲ್ಲಿರುವುದು ಬೇಕಾದವನು ಕಾಯಬೇಕು. ಕೆಲಸ ಮುಗಿಸಿದವನು ಅದನ್ನು ಇದ್ದಲ್ಲಿಯೇ, ಇದ್ದಂತೆಯೇ ಇಡಬೇಕು. ಮರದ ಉರುಳೆಗಳನ್ನು ಅವುಗಳ ಕುಳಿಗಳಲ್ಲಿ ಕೂರಿಸುವಾಗ ಒಂದು ತಪ್ಪಿದರೆ ಕೊನೆಯದು ಹೊಂದುವುದಿಲ್ಲ. ಶಿಕ್ಷಕಿ ಗದರದೆಯೇ ಮಗು ತನ್ನ ತಪ್ಪನ್ನು ಕಾಣುತ್ತದೆ. ನೀರು ಬಗ್ಗಿಸುವುದು, ಗುಂಡಿ ಹಾಕುವುದು, ನೆಲ ಗುಡಿಸುವುದು ಇವೂ ಪಾಠಗಳೇ. ಮೂರರಿಂದ ಆರು ವರ್ಷದವರು ಒಟ್ಟಿಗಿರುವುದರಿಂದ ದೊಡ್ಡವರು ಚಿಕ್ಕವರಿಗೆ ನೆರವಾಗುತ್ತಾರೆ. ಸ್ವಾತಂತ್ರ್ಯವನ್ನು ಮೊದಲು ಕೊಟ್ಟು ಹೊಣೆಯನ್ನು ಆಮೇಲೆ ಕಲಿಸುವ ಕ್ರಮ ಇಲ್ಲಿಲ್ಲ; ಆರಿಸಿ ತೆಗೆದ ಕೈಯೇ ಮರಳಿ ಇಡಬೇಕು.

ಈ ವಿಚಾರವನ್ನು ಪಶ್ಚಿಮ ಭಾರತದಲ್ಲಿ ಬೇರೂರಿಸಿದವರಲ್ಲಿ ಗಿಜುಭಾಯಿ ಬಧೇಕಾ ಅವರು ಪ್ರಮುಖರು. ವಕೀಲರಾಗಿದ್ದ ಅವರು 1920ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ ಬಾಲಮಂದಿರವನ್ನು ಆರಂಭಿಸಿದರು. ಮುಂಬಯಿಯಲ್ಲಿ ಹುಟ್ಟಿದ ತಾರಾಬಾಯಿ ಮೋಡಕ್ ಅವರು 1923ರಲ್ಲಿ ಅವರನ್ನು ಸೇರಿಕೊಂಡು, 1936ರಲ್ಲಿ ಮುಂಬಯಿಗೆ ಮರಳಿ ದಾದರದ ಶಿಶುವಿಹಾರದಲ್ಲಿ ಕೆಲಸವನ್ನು ಮುಂದುವರಿಸಿದರು. ಗಿಜುಭಾಯಿಯವರು ತೀರಿಕೊಂಡ 1939ರಲ್ಲಿಯೇ ಮಾಂಟೆಸೊರಿಯವರು ಮದರಾಸಿನ ಅಡ್ಯಾರಿಗೆ ಬಂದರು. ಯುದ್ಧದ ಕಾರಣದಿಂದ 1946ರ ವರೆಗೆ ಇಲ್ಲಿಯೇ ಉಳಿದು ಶಿಕ್ಷಕರನ್ನು ತರಬೇತುಗೊಳಿಸಿದರು.

ಪದ್ಧತಿಯ ಕೀರ್ತಿಯೊಡನೆ ಅದರ ತೊಡಕೂ ತೋರಿತು. ನಿಯತವಾದ ಸಾಧನಗಳು ಬೆಲೆಯುಳ್ಳವು. ತರಬೇತಿ ಪಡೆದವರು ಅಪರೂಪ. ಚಾಳಿನಲ್ಲಿ ಹುಟ್ಟಿದ ಪದ್ಧತಿ ಚಾಳಿಗೆ ಎಟಕದಂತಾಯಿತು. ತಾರಾಬಾಯಿಯವರು 1945ರಲ್ಲಿ ಅಂದಿನ ಠಾಣಾ ಜಿಲ್ಲೆಯ ಬೋರ್ಡಿ ಗ್ರಾಮಕ್ಕೆ ಹೋದರು. ಅನುತಾಯಿ ವಾಘ್ ಅವರು ಜೊತೆಗೂಡಿದರು. ಬಾಲವಾಡಿಗೆ ಹರಿಜನ ಕೇರಿಯ ಮಕ್ಕಳು ಬಾರದಿದ್ದಾಗ ಬಾಲವಾಡಿಯೇ ಕೇರಿಯ ಅಂಗಳಕ್ಕೆ ಹೋಯಿತು. ಕಲ್ಲು, ಎಲೆ, ಬೀಜ, ಕಪ್ಪೆಚಿಪ್ಪುಗಳು ಸಾಧನಗಳಾದುವು. ಅಂಗಳದ ಈ ಶಾಲೆಯೇ ಅಂಗನವಾಡಿ.

1957ರಲ್ಲಿ ಕಾರ್ಯಕ್ಷೇತ್ರವು ಆದಿವಾಸಿಗಳ ನೆಲೆಯಾದ ಕೋಸಬಾಡಕ್ಕೆ ಬದಲಾಯಿತು. ಅಲ್ಲಿಯ ಮಕ್ಕಳಿಗೆ ದನ ಮೇಯಿಸುವ ಹೊಣೆ ಮೊದಲೇ ಇತ್ತು. ಇಲ್ಲದಿದ್ದುದು ಕಲಿಯುವ ಸ್ವಾತಂತ್ರ್ಯ. ದನಗಳನ್ನು ಬಿಟ್ಟು ಬರಲಾರದವರಿಗಾಗಿ ಹುಲ್ಲುಗಾವಲಿನಲ್ಲಿಯೇ 'ಕುರಣಶಾಳಾ' ನಡೆಯಿತು. ಮುಂಬಯಿಯ ಕನ್ನಡಿಗರಿಗೆ ಈ ಯುಕ್ತಿ ಅಪರಿಚಿತವಲ್ಲ. ಹಗಲು ಹೋಟೆಲುಗಳಲ್ಲಿ ದುಡಿದ ಹುಡುಗರಿಗಾಗಿ ಇಲ್ಲಿಯ ಸಂಘಗಳು ರಾತ್ರಿಶಾಲೆಗಳನ್ನು ನಡೆಸಿದುವು. ಅಲ್ಲಿ ಪಾಠದ ಎಡೆ ಬದಲಾಯಿತು, ಇಲ್ಲಿ ಪಾಠದ ಹೊತ್ತು.

ತಾರಾಬಾಯಿಯವರು 1973ರ ಆಗಸ್ಟ್ 31ರಂದು ನಿಧನರಾದರು. ಅದು ಮಾಂಟೆಸೊರಿಯವರ ಜನ್ಮದಿನ. ಎರಡು ವರ್ಷಗಳ ತರುವಾಯ, 1975ರ ಅಕ್ಟೋಬರ್ 2ರಂದು ಭಾರತ ಸರಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿದಾಗ ಅದರ ಕೇಂದ್ರಗಳಿಗೆ ಅಂಗನವಾಡಿ ಎಂಬ ಹೆಸರೇ ಬಂತು. ಕರ್ನಾಟಕದಲ್ಲಿ ಮೊದಲಿಗೆ ಅವು ತೆರೆದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಅಂಗಳದ ಶಾಲೆಯ ಹೆಸರು ಹೀಗೆ ಕನ್ನಡದ ಮನೆಮಾತಾಯಿತು.

ಯೋಜನೆಯಲ್ಲಿ ಪೌಷ್ಟಿಕ ಆಹಾರ, ಚುಚ್ಚುಮದ್ದುಗಳಿಗೆ ಮೊದಲ ಗಮನ ಸಂದುದು ಸಹಜವೇ. ಹಸಿದ ಮಗುವಿಗೆ ಅದೇ ಮೊದಲ ಅಗತ್ಯ. ಆದರೆ ಬೋರ್ಡಿಯ ಅಂಗಳದಲ್ಲಿ ಊಟದೊಡನೆ ಇನ್ನೊಂದೂ ಮಗುವಿನ ಪಾಲಿಗೆ ಬರಬೇಕೆಂಬ ಆಶಯವಿತ್ತು. ಗುಡ್ಡದ ಮೇಲಿನ ಕೇಂದ್ರದ ಮಗು ತನಗೆ ಬೇಕಾದುದನ್ನು ತಾನೇ ತೆಗೆದುಕೊಂಡು ತಾನೇ ಮರಳಿ ಇಡುವ ಒಂದು ತಗ್ಗಾದ ಹಲಗೆಗೆ ಹೆಚ್ಚಿನ ವೆಚ್ಚವಾಗದು. ಅಂತಹ ಹಲಗೆ ಎಲ್ಲಿದೆಯೋ ಅಲ್ಲಿ ಸಾನ್ ಲೊರೆಂಜೊದ ಕೆಲಸ ಮುಂದುವರಿದಿದೆ, ಹೆಸರು ಯಾವುದಾದರೇನು.