ಕ್ಯಾಮೆರಾ ನಿಂತ ಕಡೆ ದಿಬ್ಬ

1963ರ ಜನವರಿಯಲ್ಲಿ ಇಂಗ್ಲೆಂಡಿನಲ್ಲಿ ಬಿದ್ದ ಹಿಮ ಕರಗಲೇ ಇಲ್ಲ. ಫುಟ್‌ಬಾಲ್ ಮೈದಾನಗಳು ಕಲ್ಲಿನಂತೆ ಗಟ್ಟಿಯಾಗಿದ್ದವು, ಕುದುರೆ ರೇಸುಗಳು ವಾರಗಟ್ಟಲೆ ನಿಂತುಹೋಗಿದ್ದವು. ಫುಟ್‌ಬಾಲ್ ಪೂಲ್ಸ್ ಎಂಬ ಬೆಟ್ಟಿಂಗ್ ವ್ಯವಹಾರದವರು, ಆಡದೇ ಹೋದ ಪಂದ್ಯಗಳಲ್ಲಿ ಯಾರು ಗೆಲ್ಲುತ್ತಿದ್ದರು ಎಂದು ತೀರ್ಮಾನಿಸಲು ಒಂದು ಸಮಿತಿಯನ್ನೇ ಕೂರಿಸಿದರು. ಅವರ ಕಷ್ಟ ಹಾಗೆ ನೀಗಿತು. ಬಿಬಿಸಿಯ ಕಷ್ಟ ಬೇರೆ. ಶನಿವಾರ ಮಧ್ಯಾಹ್ನದ ‘ಗ್ರ್ಯಾಂಡ್‌ಸ್ಟ್ಯಾಂಡ್’ ಕಾರ್ಯಕ್ರಮಕ್ಕೆ ಗಂಟೆಗಟ್ಟಲೆ ಆಟ ತೋರಿಸಬೇಕು, ಆಟವೇ ಇಲ್ಲ.

ಹಿಮಕ್ಕೂ ಕೆಸರಿಗೂ ಹೆದರದ ಆಟ ಒಂದಿತ್ತು. ಅದರ ಹೆಸರು ಸ್ಕ್ರ್ಯಾಂಬಲ್. ಗುಡ್ಡ, ಹಳ್ಳ, ಹೊಲದ ಬದುಗಳ ಮೇಲೆ ಮೋಟಾರ್‌ಸೈಕಲ್ ಓಡಿಸುವ ಈ ಪಂದ್ಯ 1924ರಲ್ಲಿ ಸರ್‍ರೇ ಸೀಮೆಯ ಕ್ಯಾಂಬರ್ಲಿಯಲ್ಲಿ ನಡೆದ ಒಂದು ಸ್ಪರ್ಧೆಯಿಂದ ಹೆಸರು ಪಡೆದುಕೊಂಡಿತ್ತು. ಆ ಇಂಗ್ಲಿಷ್ ಪದದಲ್ಲಿ ಎದ್ದುಬಿದ್ದು ನುಗ್ಗುವ ಗಡಿಬಿಡಿಯ ಅರ್ಥವಿದೆ. ಫ್ರೆಂಚರು ಇದೇ ಆಟಕ್ಕೆ ‘ಮೋಟೋಸಿಕ್ಲೆಟ್’ ಮತ್ತು ‘ಕ್ರಾಸ್ ಕಂಟ್ರಿ’ ಎರಡನ್ನೂ ಕೂಡಿಸಿ ‘ಮೋಟೋಕ್ರಾಸ್’ ಎಂದರು. ಕೊನೆಗೆ ಜಗತ್ತಿನಲ್ಲಿ ಉಳಿದದ್ದು ಫ್ರೆಂಚರ ಹೆಸರು.

ಆ ಚಳಿಗಾಲದ ನಂತರದ ವರ್ಷಗಳಲ್ಲಿ ಸ್ಕ್ರ್ಯಾಂಬಲ್ ಬ್ರಿಟಿಷ್ ಟಿವಿಯ ಶನಿವಾರದ ಆಟವಾಯಿತು. ಬಿಬಿಸಿ ತನ್ನ ಕಾರ್ಯಕ್ರಮದ ಹೆಸರಿನಲ್ಲೇ ಒಂದು ಟ್ರೋಫಿ ನಡೆಸಿತು. 1964 ಮತ್ತು 1965ರಲ್ಲಿ 500 ಸಿಸಿ ವಿಶ್ವ ಚಾಂಪಿಯನ್ ಆದ ಜೆಫ್ ಸ್ಮಿತ್, ಗ್ರೀವ್ಸ್ ಬೈಕಿನ ಮೇಲೆ 250 ಸಿಸಿಯ ಯುರೋಪ್ ಪಟ್ಟ ಗೆದ್ದಿದ್ದ ಡೇವ್ ಬಿಕರ್ಸ್ ಮುಂತಾದವರು, ಮೋಟಾರ್‌ಸೈಕಲ್ ಮುಟ್ಟದ ಮನೆಗಳಲ್ಲೂ ಪರಿಚಿತರಾದರು.

ಇಲ್ಲಿಂದಲೇ ನಮ್ಮ ಪ್ರಶ್ನೆ ಶುರುವಾಗುತ್ತದೆ. ಮನೆಯಲ್ಲಿ ಕೂತವರು ನೋಡಿದ್ದು ಯಾವ ರೇಸು?

ಅಂದಿನ ಟಿವಿ ಕ್ಯಾಮೆರಾ ಭಾರದ ವಸ್ತು. ದಪ್ಪ ಕೇಬಲ್ಲು ಅದನ್ನು ಪ್ರಸಾರದ ವ್ಯಾನಿಗೆ ಕಟ್ಟಿಹಾಕಿತ್ತು. ವ್ಯಾನು ಹೋಗಲಾರದ ಕಡೆ ಕ್ಯಾಮೆರಾವೂ ಹೋಗಲಾರದು. ಕಾಡಿನೊಳಗೆ ಹೊಕ್ಕು ಗುಡ್ಡದ ಆಚೆ ಇಳಿದು ಬರುವ ಉದ್ದದ ಹಾದಿ ಸವಾರನಿಗೆ ಸೊಗಸು, ಪ್ರಸಾರ ಮಾಡುವವನಿಗೆ ತಲೆನೋವು. ಕೆಲವೇ ಕ್ಯಾಮೆರಾಗಳ ಕಣ್ಣಳತೆಯಲ್ಲಿ ಸುತ್ತು ಮುಗಿಯುವ ಜಾಗವಾದರೆ ಅನುಕೂಲ. ಚಿತ್ರ ಕಪ್ಪು ಬಿಳುಪು. ಎರಡು ಸುತ್ತು ಮುಗಿಯುವಷ್ಟರಲ್ಲಿ ಕೆಸರು ಮೆತ್ತಿ ನಂಬರ್ ಫಲಕ ಮುಚ್ಚಿಹೋದರೆ ಯಾರು ಯಾರೆಂದು ತಿಳಿಯುವುದಿಲ್ಲ. ಅದನ್ನು ಹೇಳಲು ಒಂದು ದನಿ ಬೇಕು. ಆ ದನಿ ಮುರ್‍ರೇ ವಾಕರ್ ಅವರದು. ಮುಂದೆ ಫಾರ್ಮುಲಾ ಒನ್‌ನಿಂದ ಲೋಕಪ್ರಸಿದ್ಧರಾದ ಈ ವಿವರಣೆಗಾರ ಆಗ ಜಾಹೀರಾತು ಸಂಸ್ಥೆಯ ಉದ್ಯೋಗಿ. ವಾರಾಂತ್ಯದಲ್ಲಿ ಕೆಸರಿನ ಅಂಚಿನಲ್ಲಿ ನಿಂತು ಉಸಿರುಗಟ್ಟುವ ವೇಗದಲ್ಲಿ ಮಾತಾಡುವುದನ್ನು ರೂಢಿಸಿಕೊಂಡಿದ್ದರು. ಚಿತ್ರ ಹೇಳಲಾರದ್ದನ್ನು ಮಾತು ತುಂಬಿಕೊಡುತ್ತಿತ್ತು. ಅನುವಾದದ ಕೆಲಸ ಮಾಡುವ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ: ಮೂಲದಲ್ಲಿದ್ದದ್ದು ದಾಟದಿದ್ದಾಗ ಇನ್ನೊಂದನ್ನು ಇಟ್ಟು ಸರಿದೂಗಿಸುತ್ತೇವೆ.

ದಾಟದೇ ಉಳಿಯುವುದರಲ್ಲಿ ಮೊದಲನೆಯದು ಏರು. ಶ್ರಾಪ್‌ಶೈರ್‌ನ ಹಾಕ್‌ಸ್ಟೋನ್ ಪಾರ್ಕಿನ ಮರಳುಗುಡ್ಡ ಮೋಟೋಕ್ರಾಸ್ ಲೋಕದಲ್ಲಿ ಹೆಸರುವಾಸಿ. ಅದರ ಬುಡದಲ್ಲಿ ನಿಂತರೆ ಕುತ್ತಿಗೆ ಎತ್ತಿ ನೋಡಬೇಕು. ಅದೇ ಬುಡದಲ್ಲಿ ಕ್ಯಾಮೆರಾ ಇಟ್ಟು ಮೇಲಕ್ಕೆ ತಿರುಗಿಸಿ, ಗುಡ್ಡವೇ ಚೌಕಟ್ಟನ್ನು ತುಂಬುವಂತೆ ಮಾಡಿದರೆ ಅದು ಸಾಧಾರಣ ಮಣ್ಣಿನ ರಸ್ತೆಯಂತೆ ಕಾಣುತ್ತದೆ. ಕಡಿದಾದದ್ದನ್ನು ಕಣ್ಣು ಅಳೆಯುವುದು ದಿಗಂತಕ್ಕೆ, ನೆಟ್ಟಗೆ ನಿಂತ ಮರಕ್ಕೆ ಹೋಲಿಸಿ. ಅವೆರಡೂ ಚೌಕಟ್ಟಿನಿಂದ ಹೊರಗೆ ಹೋದರೆ ಗುಡ್ಡ ಚಪ್ಪಟೆ. ಪಕ್ಕದಿಂದ ಹಿಡಿದರೆ ಕೋನ ನಿಜವಾಗಿ ಕಾಣುತ್ತದೆ, ಆದರೆ ಎದುರಿನಿಂದ ನುಗ್ಗಿಬರುವ ಬೈಕಿನ ಭಯ ತಪ್ಪಿಹೋಗುತ್ತದೆ.

ಎರಡನೆಯದು ದೂರ. ಇಬ್ಬರು ಸವಾರರ ನಡುವೆ ಒಂದು ಸೆಕೆಂಡಿನ ಅಂತರವಿದೆ ಎನ್ನಿ. ಗಂಟೆಗೆ 54 ಕಿಲೋಮೀಟರ್ ವೇಗದಲ್ಲಿ ಅದು 15 ಮೀಟರ್. ದೂರದಿಂದ ಟೆಲಿಫೋಟೋ ಲೆನ್ಸಿನಲ್ಲಿ ಎದುರಿನಿಂದ ನೋಡಿದರೆ ಆ 15 ಮೀಟರ್ ಮಡಚಿಕೊಂಡು, ಹಿಂದಿನವನ ಚಕ್ರ ಮುಂದಿನವನಿಗೆ ತಾಗಿಯೇಬಿಟ್ಟಿತು ಅನ್ನಿಸುತ್ತದೆ. ಪೈಪೋಟಿಯ ಬಿಸಿಯ ಒಂದು ಪಾಲು ಲೆನ್ಸಿನದೇ. ಜಿಗಿತದಲ್ಲಿ ತಂತ್ರ ಬೇರೆ. ದಿಬ್ಬದ ಅಂಚಿನ ಕೆಳಗೆ, ನೆಲಕ್ಕೆ ತಾಗಿದಂತೆ ಕ್ಯಾಮೆರಾ ಇಟ್ಟರೆ ಬೈಕು ಆಕಾಶಕ್ಕೆ ಏರುತ್ತದೆ. ಚಿತ್ರದಲ್ಲಿ ನೆಲವೇ ಇಲ್ಲದ್ದರಿಂದ ಎತ್ತರ ಎಷ್ಟೆಂದು ಅಳೆಯುವಂತಿಲ್ಲ, ಎಷ್ಟು ಬೇಕಾದರೂ ಆಗಬಹುದು.

ಈ ಕಲೆಯನ್ನು ಬಹಳ ಚೆನ್ನಾಗಿ ಅರಿತಿದ್ದವರು ಅಮೆರಿಕದ ಬ್ರೂಸ್ ಬ್ರೌನ್. ನಟ ಸ್ಟೀವ್ ಮೆಕ್ವೀನ್ ಹಣ ಹೂಡಿದ ಅವರ ಸಾಕ್ಷ್ಯಚಿತ್ರ ‘ಆನ್ ಎನಿ ಸಂಡೇ’ 1971ರಲ್ಲಿ ತೆರೆಕಂಡಿತು. ನಿಧಾನಗತಿಯ ಚಿತ್ರಣಕ್ಕೆ ಬೇಕಾದ ದುಬಾರಿ ಕ್ಯಾಮೆರಾ ಕೈಗೆಟುಕದಿದ್ದಾಗ, 12 ವೋಲ್ಟಿನ ಕ್ಯಾಮೆರಾಕ್ಕೆ 24 ವೋಲ್ಟಿನ ಬ್ಯಾಟರಿ ಹಾಕಿ ಫಿಲ್ಮನ್ನು ವೇಗವಾಗಿ ಓಡಿಸಿದರು. ಹೆಲ್ಮೆಟ್ಟಿಗೂ ಕ್ಯಾಮೆರಾ ಕಟ್ಟಿಸಿದರು. ನಿಧಾನಗತಿಯಲ್ಲಿ ಹಾರುವ ಬೈಕು ಸಾಮಾನ್ಯ ಪ್ರೇಕ್ಷಕನಿಗೆ ಒಂದು ಹೊಸ ವಿಷಯ ತೋರಿಸಿತು: ಗಡಿಬಿಡಿ ಎಂದು ಕಂಡದ್ದರೊಳಗೆ ಮೈಯ ಹದವಾದ ಲೆಕ್ಕಾಚಾರವಿದೆ. ಹಾಗಾಗಿ ಕ್ಯಾಮೆರಾ ಬರೀ ಉಬ್ಬಿಸುತ್ತದೆ ಎಂದರೆ ಅನ್ಯಾಯವಾಗುತ್ತದೆ. ಬರಿಗಣ್ಣಿಗೆ ಸಿಗದ ಸತ್ಯವನ್ನೂ ಅದು ಕೊಡುತ್ತದೆ.

ಆದರೆ ಕ್ಯಾಮೆರಾ ಆಟದ ಬಳಿಗೆ ಹೋಗುವುದಕ್ಕಿಂತ ಆಟ ಕ್ಯಾಮೆರಾದ ಬಳಿಗೆ ಬರುವುದು ಅಗ್ಗ. 1967ರ ಫೆಬ್ರವರಿಯಲ್ಲಿ ಕೆಂಟ್‌ನ ಲಿಡೆನ್‌ನಲ್ಲಿ ಶುರುವಾದ ಕಾರುಗಳ ರ‍್ಯಾಲಿಕ್ರಾಸ್ ಟಿವಿಗೆಂದೇ ಹುಟ್ಟಿದ ಆಟ. 1972ರ ಜುಲೈ 8ರಂದು ಲಾಸ್ ಏಂಜಲೀಸಿನ ಕೊಲಿಸಿಯಮ್ ಕ್ರೀಡಾಂಗಣದೊಳಗೆ ಮಣ್ಣು ಸುರಿದು, ದಿಬ್ಬ ಕಟ್ಟಿ, ಸಂಘಟಕ ಮೈಕ್ ಗುಡ್ವಿನ್ ‘ಸೂಪರ್ ಬೌಲ್ ಆಫ್ ಮೋಟೋಕ್ರಾಸ್’ ನಡೆಸಿದರು. ಗೆದ್ದವನು 16 ವರ್ಷದ ಹುಡುಗ ಮಾರ್ಟಿ ಟ್ರೈಪ್ಸ್. ಗುಡ್ವಿನ್ ಮುಖ್ಯವಾಗಿ ಲೆಕ್ಕ ಹಾಕಿದ್ದು ಟಿಕೆಟ್ ಕೊಂಡು ಬರುವ ನಗರದ ಜನರನ್ನು. ಆದರೆ ಆ ಜನರಿಗೆ ಕೂತಲ್ಲೇ ಇಡೀ ಸುತ್ತು ಕಾಣುವಂತೆ ಮಾಡಿದ್ದು ಕ್ಯಾಮೆರಾಗಳಿಗೂ ವರವಾಯಿತು. ಈ ಬಗೆಯ ರೇಸಿಗೆ ಸೂಪರ್‌ಕ್ರಾಸ್ ಎಂಬ ಹೆಸರು ನಿಂತಿತು. ಗುಡ್ಡ ಇದ್ದ ಕಡೆ ಕ್ಯಾಮೆರಾ ಹೋಗುತ್ತಿದ್ದ ಕಾಲ ಹೋಗಿ, ಕ್ಯಾಮೆರಾ ನಿಂತ ಕಡೆ ದಿಬ್ಬ ಏಳುವ ಕಾಲ ಬಂತು.

ಸೂಪರ್‌ಕ್ರಾಸ್ ಅನ್ನು ಬೈಯುವ ಉದ್ದೇಶ ನನಗಿಲ್ಲ, ಅದಕ್ಕೆ ಅದರದೇ ಕೌಶಲ ಬೇಕು. ಆದರೆ ಏನು ಕೈಬಿಟ್ಟಿತು ಎಂಬುದು ತಿಳಿದಿರಬೇಕು. ಬೆಲ್ಜಿಯಂನ ನಾಮೂರ್‌ನಲ್ಲಿ ಕೋಟೆಯ ಸುತ್ತಲಿನ ಕಾಡಿನಲ್ಲಿ, ಮರಗಳ ನಡುವೆ, ಒಂದು ಕೆಫೆಯ ಮುಂದೆಯೇ ರೇಸು ಹಾದುಹೋಗುತ್ತಿತ್ತು. 2007ರ ನಂತರ ಅಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆದಿಲ್ಲ. ಅದಕ್ಕೆ ಕಾರಣ ಕ್ಯಾಮೆರಾ ಒಂದೇ ಅಲ್ಲ. ಆದರೂ ಅಂಥ ಹಾದಿಗಳು ಟಿವಿಯ ಕಾಲಕ್ಕೆ ಒಗ್ಗುವಂಥವಲ್ಲ.

ಕಾಣದೇ ಹೋಗುವುದರಲ್ಲಿ ಮನುಷ್ಯರೂ ಇದ್ದಾರೆ. ಮೊದಲ ತಿರುವಿನಲ್ಲಿ ಬಿದ್ದು, ಕಟ್ಟಕಡೆಯಿಂದ ಎದ್ದು, ಒಬ್ಬೊಬ್ಬರನ್ನೇ ದಾಟಿ ಹತ್ತನೆಯವನಾಗಿ ಮುಗಿಸುವ ಸವಾರ ಅಂದಿನ ಮೈದಾನದಲ್ಲೇ ಹೆಚ್ಚು ದುಡಿದವನಿರಬಹುದು. ನಿರ್ದೇಶಕ ಮುಂದಿನ ಇಬ್ಬರನ್ನು ತೋರಿಸುತ್ತಾ ಕೂತರೆ ಅವನು ಪರದೆಯಲ್ಲಿ ಇಲ್ಲವೇ ಇಲ್ಲ. ಪ್ರಾಯೋಜಕರ ಹಣದಲ್ಲಿ ನಡೆಯುವ ಆಟದಲ್ಲಿ ಕಾಣದಿರುವುದು ಹೊಟ್ಟೆಪಾಡಿನ ಮಾತು. ಹೆಲ್ಮೆಟ್ ಕ್ಯಾಮೆರಾ ಬಂದ ಮೇಲೆ ಸವಾರನ ಕಣ್ಣೇ ನಮಗೆ ಸಿಕ್ಕಿತು ಎನ್ನುತ್ತೇವೆ. ಸಿಕ್ಕಿದ್ದು ಕಣ್ಣು ಮಾತ್ರ. ಕಾಲು, ಸೊಂಟ, ಕುತ್ತಿಗೆ ನುಂಗಿದ ಹೊಡೆತವನ್ನು ತಲೆಯ ಮೇಲಿನ ಕ್ಯಾಮೆರಾ ಪೂರ್ತಿ ಕಾಣದು. ಉಳಿದ ಕುಲುಕಾಟವನ್ನೂ ಇಂದಿನ ತಂತ್ರಾಂಶ ಒರೆಸಿಹಾಕುತ್ತದೆ. ತೋಳು ಮರಗಟ್ಟಿ ಬ್ರೇಕ್ ಹಿಡಿಯಲಾಗದ ಸ್ಥಿತಿ ಯಾವ ಲೆನ್ಸಿಗೂ ಸಿಗುವುದಿಲ್ಲ.

ಇದು ನಮಗೆ ದೂರದ ಮಾತೇನೂ ಅಲ್ಲ. 2015ರಲ್ಲಿ ಡಕಾರ್ ರ‍್ಯಾಲಿ ಪೂರ್ಣಗೊಳಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ. ಎಸ್. ಸಂತೋಷ್, ಪಳಗಿದ್ದು ಇಲ್ಲಿನ ಮೋಟೋಕ್ರಾಸ್ ಮತ್ತು ಸೂಪರ್‌ಕ್ರಾಸ್ ಮಣ್ಣಿನಲ್ಲೇ. 2024ರ ಜನವರಿಯಲ್ಲಿ ಪುಣೆಯಿಂದ ಶುರುವಾದ ಇಂಡಿಯನ್ ಸೂಪರ್‌ಕ್ರಾಸ್ ರೇಸಿಂಗ್ ಲೀಗ್ ಬೆಂಗಳೂರಿಗೂ ಬಂದಿತ್ತು. ಪುಣೆಯ ಓದುಗರಲ್ಲಿ ಕೆಲವರು ಆ ಧೂಳನ್ನು ಕುಡಿದಿರಲೂಬಹುದು.

ಮುಂದಿನ ಸಲ ಪರದೆಯ ಮೇಲೆ ನೋಡುವಾಗ ಒಂದು ಕೆಲಸ ಮಾಡಿ. ಹಾದಿಯ ಬದಿಯ ಒಂದು ಕಂಬವನ್ನೋ ಫಲಕವನ್ನೋ ಗುರುತಿಟ್ಟುಕೊಳ್ಳಿ. ಮೊದಲನೆಯವನು ಅದನ್ನು ದಾಟಿದಾಗ ಎಣಿಸಲು ಶುರುಮಾಡಿ, ಎರಡನೆಯವನು ದಾಟುವಾಗ ನಿಲ್ಲಿಸಿ. ನೇರ ಪ್ರಸಾರದಲ್ಲಿ ಲೆನ್ಸು ದೂರವನ್ನು ಮಡಚಬಲ್ಲದು, ಕಾಲವನ್ನು ಮಡಚಲಾರದು. ಸುತ್ತಿನಿಂದ ಸುತ್ತಿಗೆ ಆ ಎಣಿಕೆ ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿಯುವುದನ್ನು ಕಂಡಾಗ ಹುಟ್ಟುವ ರೋಮಾಂಚನ ಮಾತ್ರ ಕ್ಯಾಮೆರಾದ ಹಂಗಿಲ್ಲದೆ, ನೇರವಾಗಿ ಸವಾರನಿಂದಲೇ ಬಂದದ್ದು.