ಕುಡ್ತೆಯಿಂದ ಲೀಟರಿಗೆ

ಕಾಸರಗೋಡಿನ ಕನ್ನಡಿಗರಿಗೆ 1956 ಮರೆಯಲಾಗದ ವರ್ಷ. ಆ ವರ್ಷದ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಅಂಗವಾಗಿದ್ದ ನಮ್ಮ ತಾಲೂಕು ಕೇರಳ ರಾಜ್ಯಕ್ಕೆ ಸೇರಿತು. ಮುಂದಿನ ತಿಂಗಳಲ್ಲೇ ದೇಶಕ್ಕೆಲ್ಲ ಮೆಟ್ರಿಕ್ ಪದ್ಧತಿಯನ್ನು ವಿಧಿಸುವ ತೂಕ ಮತ್ತು ಅಳತೆಗಳ ಕಾಯಿದೆ ಬಂದಿತು. ಮೊದಲನೆಯದು ನಾಡಿನ ಗಡಿಯನ್ನು ಬದಲಿಸಿತು. ಎರಡನೆಯದು ಅಂಗಡಿ ಮತ್ತು ಅಡುಗೆಮನೆಗಳ ಲೆಕ್ಕವನ್ನು ಬದಲಿಸಿತು.

ಅದಕ್ಕೆ ಮುನ್ನ ಇಲ್ಲಿ ಹಾಲು, ಎಣ್ಣೆಗಳನ್ನು ಕುಡ್ತೆ, ಪಾವು, ಸೇರುಗಳಲ್ಲಿ ಅಳೆಯುತ್ತಿದ್ದರು. ತೆಂಕಣ ಮಲಬಾರಿನಲ್ಲಿ ನಾಲ್ಕು ನಾಳಿಗೆ ಒಂದು ಇಡಂಗಳಿ. ಸೀಮೆಎಣ್ಣೆಯೊಡನೆ ಇಂಗ್ಲಿಷರ ಗ್ಯಾಲನ್ನೂ ಬಂದಿತ್ತು. ಹತ್ತು ಪೌಂಡು ನೀರು ಹಿಡಿಯುವ ಪ್ರಮಾಣವೇ ಗ್ಯಾಲನ್ ಎಂದು 1824ರಲ್ಲಿ ಬ್ರಿಟನ್ ನಿಗದಿಪಡಿಸಿತ್ತು, ಅದು 4.546 ಲೀಟರಿಗೆ ಸಮ. ನಾಲ್ಕು ಗ್ಯಾಲನ್ನಿನ ಡಬ್ಬಿಯಲ್ಲಿ 18 ಲೀಟರಿಗಿಂತ ತುಸು ಹೆಚ್ಚು ಎಣ್ಣೆ ಹಿಡಿಯುತ್ತಿತ್ತು.

ಸೇರಿನ ಲೆಕ್ಕ ಇಷ್ಟು ಸರಳವಲ್ಲ. ಸೇರು ತೂಕವೂ ಹೌದು, ಅಳೆಯುವ ಪಾತ್ರೆಯೂ ಹೌದು. ಸರಕಾರಿ ತೂಕದ ಸೇರಿಗೆ 80 ತೊಲ, ಅಂದರೆ ಸುಮಾರು 933 ಗ್ರಾಂ. ಅಷ್ಟು ತೂಕದ ನೀರು 933 ಮಿಲಿಲೀಟರ್ ಆಗುತ್ತದೆ. ತೆಂಗಿನೆಣ್ಣೆ ನೀರಿಗಿಂತ ಹಗುರವಾದುದರಿಂದ ಅದೇ ತೂಕದ ಎಣ್ಣೆ ಒಂದು ಲೀಟರನ್ನು ಕೊಂಚ ಮೀರುತ್ತದೆ. ಪಾತ್ರೆಯ ಸೇರಾದರೋ ಊರಿಂದೂರಿಗೆ ಬೇರೆ. ಅಳೆದು ಕೊಡುವವನ ಪಾತ್ರೆಯನ್ನೇ ನಂಬಬೇಕಾಗಿದ್ದ ಬಡ ಗಿರಾಕಿಗೆ ಲೀಟರು ನಿಜಕ್ಕೂ ಆಸರೆಯಾಯಿತು. ಉದ್ದ, ಅಗಲ, ಎತ್ತರ ಹತ್ತು ಸೆಂಟಿಮೀಟರಿನ ಪೆಟ್ಟಿಗೆ ಎಲ್ಲಿದ್ದರೂ ಅದರ ಅಳತೆ ಒಂದೇ. 1958ರ ಅಕ್ಟೋಬರಿನಲ್ಲಿ ಆಯ್ದ ಪ್ರದೇಶಗಳಲ್ಲಿ ಹೊಸ ತೂಕಗಳು ಜಾರಿಗೆ ಬಂದವು. ದ್ರವದ ಹೊಸ ಅಳತೆಗಳು ಹಂತಹಂತವಾಗಿ ಅವನ್ನು ಹಿಂಬಾಲಿಸಿದವು.

ಹಾಗೆಂದು ಹಳೆಯ ಹೆಸರುಗಳನ್ನು ಕೈಬಿಡಲಾಗದು. ದೇವಸ್ಥಾನದ ದೀಪದೆಣ್ಣೆಯ ಲೆಕ್ಕ, ಮನೆತನದ ಕಡತ, ಅಜ್ಜಿಯರ ಅಡುಗೆಯ ಕ್ರಮ ಎಲ್ಲವೂ ಆ ಮಾತುಗಳಲ್ಲೇ ಇವೆ. ಅವನ್ನು ಓದುವಾಗ ‘ಎಷ್ಟು ಸೇರು’ ಎಂಬುದಕ್ಕೆ ಮೊದಲು ‘ಯಾವ ಊರಿನ ಸೇರು’ ಎಂದು ಕೇಳಬೇಕು. ಉತ್ತರ ಪುಸ್ತಕದ ಕೋಷ್ಟಕದಲ್ಲಿ ಸಿಗದಿದ್ದರೆ ಅಟ್ಟದ ಮೇಲಿನ ಪಾತ್ರೆಯಲ್ಲಿ ಸಿಕ್ಕೀತು. ಅದನ್ನು ಬಾಯಿಮಟ್ಟ ನೀರಿನಿಂದ ತುಂಬಿ, ಪ್ರಯೋಗಶಾಲೆಯ ಅಳತೆಯ ಜಾಡಿಗೆ ಸುರಿದರೆ ಮಿಲಿಲೀಟರುಗಳ ಲೆಕ್ಕ ಕಣ್ಣೆದುರಿಗೇ ಬರುತ್ತದೆ.

ಗಡಿಯಾಚೆ ಉಳಿದ ಕನ್ನಡ ಶಾಲೆಗಳಾದ ನಮಗೆ ಇದು ಬರಿಯ ಗಣಿತದ ಅಭ್ಯಾಸವಲ್ಲ. ಕುಡ್ತೆ ಎಂಬ ಮಾತನ್ನೂ ಅದರ ಅಳತೆಯನ್ನೂ ಮಕ್ಕಳು ಒಟ್ಟಿಗೆ ಅರಿತರೆ ಮಾತ್ರ ಹಿರಿಯರು ಬರೆದಿಟ್ಟ ಕಡತಗಳನ್ನು ಓದಬಲ್ಲವರು ಈ ನೆಲದಲ್ಲಿ ಉಳಿದಾರು.