ಮೂಗಿಗಿಂತ ಮೂಗುತಿ ಭಾರ: ಚಿಕಾಗೋ ಜಾತ್ರೆಗಳ ಟಿಕೆಟ್ಟಿನ ಕಥೆ

ಬೇಸಿಗೆ ಬಂತೆಂದರೆ ನಮ್ಮ ಎಲ್ಕ್ ಗ್ರೋವ್ ವಿಲೇಜಿನ ಕನ್ನಡ ಮನೆಗಳಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಮಕ್ಕಳದ್ದು, "ಗ್ರೇಟ್ ಅಮೆರಿಕಾಗೆ ಯಾವಾಗ ಹೋಗೋದು?" ಊರಿನಿಂದ ಬಂದ ಅಪ್ಪ ಅಮ್ಮಂದಿರದ್ದು, "ಒಬ್ಬರಿಗೆ ಎಷ್ಟು?" ಎರಡನೆಯದಕ್ಕೆ ನಾವು ಯಾರೂ ನೇರವಾಗಿ ಉತ್ತರ ಹೇಳುವುದಿಲ್ಲ. ಹೇಳಿದರೆ ಅವರು ಕೂಡಲೇ ರೂಪಾಯಿಗೆ ಗುಣಿಸಿ, "ನಾವು ಮನೇಲೇ ಇರ್ತೀವಪ್ಪ, ನೀವು ಹೋಗಿ ಬನ್ನಿ" ಅನ್ನುತ್ತಾರೆ. ಟಿಕೆಟ್ಟಿನ ಲೆಕ್ಕ ಹೇಗೋ ಮುಚ್ಚಿಡಬಹುದು. ಕಾರು ನಿಲ್ಲಿಸುವುದಕ್ಕೂ ದುಡ್ಡು ಎಂದು ಗೇಟಿನ ಬಳಿ ಗೊತ್ತಾದಾಗ ಮುಚ್ಚಿಡುವುದು ಕಷ್ಟ. "ಒಳಗೆ ಹೋಗೋಕೂ ದುಡ್ಡು, ಹೊರಗೆ ನಿಲ್ಲೋಕೂ ದುಡ್ಡೇ?" ಎಂಬ ಹಿರಿಯರ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ. ಹಾಗಾಗಿ ಸ್ವಲ್ಪ ಇತಿಹಾಸ ಕೆದಕಿದೆ. ಈ ಗೊಣಗಾಟಕ್ಕೆ ಚಿಕಾಗೋದಲ್ಲಿ ನೂರಮೂವತ್ತು ವರ್ಷಗಳ ವಯಸ್ಸಾಗಿದೆ.

ಮೈಸೂರಿನಲ್ಲಿ ದಸರಾ ವಸ್ತುಪ್ರದರ್ಶನವನ್ನು ಹತ್ತನೆಯ ಚಾಮರಾಜ ಒಡೆಯರು ಶುರು ಮಾಡಿದ್ದು 1880ರಲ್ಲಿ. ಅದಾದ 13 ವರ್ಷಕ್ಕೆ, 1893ರ ಮೇ 1ರಂದು, ಚಿಕಾಗೋದ ಜ್ಯಾಕ್ಸನ್ ಪಾರ್ಕಿನಲ್ಲಿ ಕೊಲಂಬಿಯನ್ ವಿಶ್ವಮೇಳ ತೆರೆಯಿತು. ಪ್ರವೇಶ ದೊಡ್ಡವರಿಗೆ 50 ಸೆಂಟ್, ಮಕ್ಕಳಿಗೆ 25 ಸೆಂಟ್. ಅಗ್ಗವಲ್ಲವೇ ಎನಿಸುತ್ತದೆ. ಆದರೆ ಆಗ ಕೂಲಿ ಕೆಲಸಗಾರನ ದಿನದ ಸಂಪಾದನೆ ಒಂದೂವರೆ ಡಾಲರಿನ ಆಸುಪಾಸು. ಗಂಡ, ಹೆಂಡತಿ, ಇಬ್ಬರು ಮಕ್ಕಳು ಗೇಟು ದಾಟಿದರೆ ಒಂದು ದಿನದ ದುಡಿಮೆ ಮುಗಿಯಿತು. ಒಳಗೆ ಜಾರ್ಜ್ ಫೆರಿಸ್ ನಿಲ್ಲಿಸಿದ್ದ 264 ಅಡಿ ಎತ್ತರದ ಚಕ್ರ. ಅದರಲ್ಲಿ ಎರಡು ಸುತ್ತಿಗೆ ಮತ್ತೆ 50 ಸೆಂಟ್! ಇಡೀ ಮೇಳಕ್ಕೆ ಎಷ್ಟೋ ಈ ಒಂದು ಆಟಕ್ಕೂ ಅಷ್ಟೇ. ಆದರೂ ಹದಿನಾಲ್ಕು ಲಕ್ಷ ಜನ ಹತ್ತಿದರು.

ಹತ್ತಲಾಗದವರ ಕಥೆಯೂ ಇದೆ. ಬಡ ಮಕ್ಕಳನ್ನು ಒಂದು ದಿನ ಪುಕ್ಕಟೆ ಒಳಗೆ ಬಿಡಿ ಎಂದು ಊರಿನವರು ಕೇಳಿದಾಗ ಮೇಳದ ಆಡಳಿತ ಒಪ್ಪಲಿಲ್ಲ. ಪಕ್ಕದಲ್ಲೇ ಡೇರೆ ಹಾಕಿದ್ದ ಬಫೆಲೊ ಬಿಲ್ ಆ ಅವಕಾಶ ಬಿಡಲಿಲ್ಲ. ಸಾವಿರಾರು ಮಕ್ಕಳನ್ನು ಕರೆಸಿ ತನ್ನ ಕುದುರೆ ಪ್ರದರ್ಶನ ತೋರಿಸಿ, ಐಸ್‌ಕ್ರೀಮು ತಿನ್ನಿಸಿದ. ಅವನೂ ವ್ಯಾಪಾರಿಯೇ, ಆದರೆ ಜಾಣ ವ್ಯಾಪಾರಿ.

ಆ ವರ್ಷ ಚಿಕಾಗೋದ ದುಬಾರಿಯ ಬಗ್ಗೆ ಊರಿಗೆ ಕಾಗದ ಬರೆದ ಭಾರತೀಯರೊಬ್ಬರನ್ನು ನೀವೆಲ್ಲ ಬಲ್ಲಿರಿ. 1892ರಲ್ಲಿ ಮೈಸೂರಿನಲ್ಲಿ ಚಾಮರಾಜ ಒಡೆಯರ ಅತಿಥಿಯಾಗಿದ್ದ ಸ್ವಾಮಿ ವಿವೇಕಾನಂದರು, ಸರ್ವಧರ್ಮ ಸಮ್ಮೇಳನಕ್ಕೆ ಇನ್ನೂ ಎಷ್ಟೋ ದಿನ ಇರುವಾಗಲೇ ಇಲ್ಲಿಗೆ ಬಂದು ಹನ್ನೆರಡು ದಿನ ಮೇಳ ನೋಡಿದರು. ಕೈಯಲ್ಲಿದ್ದ ದುಡ್ಡು ಕರಗಿತು. ದಿನಕ್ಕೆ ಒಂದು ಪೌಂಡ್ ಖರ್ಚು, ಒಂದು ಸಿಗಾರಿಗೆ ನಮ್ಮ ಎಂಟಾಣೆ ಎಂದು ಆಗಸ್ಟ್ 20ರ ಕಾಗದದಲ್ಲಿ ಮದರಾಸಿನ ಶಿಷ್ಯರಿಗೆ ಲೆಕ್ಕ ಒಪ್ಪಿಸಿದ್ದಾರೆ. ಖರ್ಚು ಕಮ್ಮಿಯಾಗಲೆಂದೇ ಬಾಸ್ಟನ್ ಕಡೆ ಹೊರಟರು. ಡಾಲರನ್ನು ಊರಿನ ನಾಣ್ಯಕ್ಕೆ ಗುಣಿಸುವ ನಮ್ಮ ಹಿರಿಯರ ಅಭ್ಯಾಸವನ್ನು ಇನ್ನು ಮುಂದೆ ಯಾರೂ ನಗಬೇಡಿ!

ಮೇಳದ ನಂತರ ಕಾಯಂ ಜಾತ್ರೆಗಳ ಕಾಲ ಬಂತು. ಆಗ ಅಮೆರಿಕದ ಅನೇಕ ಊರುಗಳಲ್ಲಿ ಇಂಥ ಪಾರ್ಕುಗಳನ್ನು ಕಟ್ಟಿದ್ದು ಟ್ರಾಮ್ ಕಂಪನಿಗಳು. ವಾರವಿಡೀ ಕೆಲಸಕ್ಕೆ ಹೋಗುವವರು ಭಾನುವಾರವೂ ಟ್ರಾಮ್ ಹತ್ತಲಿ ಎಂದು ಹಳಿಯ ಕೊನೆಯಲ್ಲೊಂದು ಪಾರ್ಕು. ಪ್ರವೇಶ ಹೆಚ್ಚಾಗಿ ಪುಕ್ಕಟೆ ಅಥವಾ ಪುಡಿಗಾಸು. ಗಳಿಕೆಯೆಲ್ಲ ಟ್ರಾಮ್ ಟಿಕೆಟ್ಟಿನಲ್ಲಿ. ಇದನ್ನು ನೆನಪಿಡಿ. ದಾರಿಯ ದುಡ್ಡು ಎಂಬುದು ಈ ವ್ಯಾಪಾರದ ಹುಟ್ಟುಗುಣ. ಅಂದು ಹಳಿಯ ಮೇಲೆ ವಸೂಲಾಗುತ್ತಿದ್ದದ್ದು ಇಂದು ಡಾಂಬರಿನ ಮೇಲೆ ವಸೂಲಾಗುತ್ತಿದೆ. ಆದರೆ ಟ್ರಾಮ್ ಕಂಪನಿ ಕಾಸು ತೆಗೆದುಕೊಂಡು ಕರೆದುಕೊಂಡಾದರೂ ಹೋಗುತ್ತಿತ್ತು.

ಚಿಕಾಗೋದವರ ಪ್ರೀತಿಯ ರಿವರ್‌ವ್ಯೂ ಪಾರ್ಕು 1904ರಿಂದ 1967ರವರೆಗೆ ವೆಸ್ಟರ್ನ್ ಮತ್ತು ಬೆಲ್‌ಮಾಂಟ್ ರಸ್ತೆಗಳ ಮೂಲೆಯಲ್ಲಿತ್ತು. ಅಲ್ಲಿ ಆಟಕ್ಕೊಂದು ಕಾಸು. ಕೆಲವು ದಿನಗಳಲ್ಲಿ ಎರಡೇ ಸೆಂಟಿಗೆ ಆಟ. ಜೇಬಿನಲ್ಲಿ ಎಷ್ಟಿದೆಯೋ ಅಷ್ಟು ಆಡಿ ಬರಬಹುದಿತ್ತು, ಥೇಟ್ ನಮ್ಮೂರ ಜಾತ್ರೆಯ ಹಾಗೆ.

ದುಡ್ಡೊಂದೇ ಬಾಗಿಲು ಕಾಯುತ್ತಿತ್ತು ಎಂದುಕೊಳ್ಳಬೇಡಿ. ಡೆಟ್ರಾಯಿಟ್ ಮಿತ್ರರಿಗೆ ಬಾಬ್ಲೋ ದ್ವೀಪದ ಹೆಸರು ಗೊತ್ತು. 1898ರಿಂದ 1993ರವರೆಗೆ ನಡೆದ ಆ ಪಾರ್ಕಿಗೆ ಡೆಟ್ರಾಯಿಟಿನವರು ಹಡಗಿನಲ್ಲಿ ಹೋಗಬೇಕಿತ್ತು. 1945ರಲ್ಲಿ ಸಾರಾ ಎಲಿಜಬೆತ್ ರೇ ಎಂಬ ಕಪ್ಪು ಯುವತಿ 85 ಸೆಂಟ್ ಕೊಟ್ಟು ಸಹಪಾಠಿಗಳೊಂದಿಗೆ ಹಡಗು ಹತ್ತಿದರು. ಬಣ್ಣದ ಕಾರಣಕ್ಕೆ ಕಂಪನಿಯವರು ಅವರನ್ನು ಇಳಿಸಿ ದುಡ್ಡು ವಾಪಸು ಕೊಡಲು ಹೋದರು. ಆಕೆ ಮುಟ್ಟಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ 1948ರಲ್ಲಿ ಕಂಪನಿ ಸೋತಿತು. ಅವರ ಬಳಿ ಟಿಕೆಟ್ ಇತ್ತು, ಬಾಗಿಲು ಮಾತ್ರ ತೆರೆಯಲಿಲ್ಲ. ಇಂದು ಬಾಗಿಲು ಎಲ್ಲರಿಗೂ ತೆರೆದಿದೆ, ಟಿಕೆಟ್ ಮಾತ್ರ ಎಲ್ಲರ ಕೈಗೆ ಎಟುಕುವುದಿಲ್ಲ.

ಲೆಕ್ಕದ ರೀತಿ ಬದಲಾದದ್ದು ಮುಂದಿನ ಎರಡು ದಶಕಗಳಲ್ಲಿ. 1955ರಲ್ಲಿ ತೆರೆದ ಡಿಸ್ನಿಲ್ಯಾಂಡಿನಲ್ಲಿ ಪ್ರವೇಶ ಒಂದು ಡಾಲರ್, ಪಾರ್ಕಿಂಗ್ 25 ಸೆಂಟ್, ಆಟಗಳಿಗೆ ಬೇರೆ ಬೇರೆ. 1961ರಲ್ಲಿ ಟೆಕ್ಸಾಸಿನ ಮೊದಲ ಸಿಕ್ಸ್ ಫ್ಲ್ಯಾಗ್ಸ್ ಪಾರ್ಕು 2 ಡಾಲರ್ 75 ಸೆಂಟ್ ಒಮ್ಮೆ ಕೊಟ್ಟರೆ ದಿನವಿಡೀ ಆಡಿ ಎಂದಿತು. ಪಾರ್ಕಿಂಗ್ 50 ಸೆಂಟ್ ಮಾತ್ರ ಹೊರಗೇ ಉಳಿಯಿತು. 1976ರ ಮೇ 29ರಂದು ನಮ್ಮ ಗರ್ನಿಯಲ್ಲಿ ಮ್ಯಾರಿಯಟ್ ಹೋಟೆಲಿನವರು ಗ್ರೇಟ್ ಅಮೆರಿಕಾ ತೆರೆದದ್ದೂ ಇದೇ ಮಾದರಿಯಲ್ಲಿ. 1984ರಲ್ಲಿ ಅದು ಸಿಕ್ಸ್ ಫ್ಲ್ಯಾಗ್ಸ್ ಬಳಗ ಸೇರಿತು.

ಒಂದೇ ದರ ಒಳ್ಳೆಯದಲ್ಲವೇ? ತಿರುಗುವ ಆಟ ಆಡುವ ಹುಡುಗರಿಗೆ ಹೌದು. ಬೆಂಚಿನ ಮೇಲೆ ಕೂತು ಚೀಲ ಕಾಯುವ ಅಜ್ಜಿಗೆ ಅಲ್ಲ. ರಿವರ್‌ವ್ಯೂನಲ್ಲಿ ಅಜ್ಜಿ ಆಟಕ್ಕೆ ಕಾಸು ಕೊಡಬೇಕಿರಲಿಲ್ಲ. ಒಂದೇ ದರ ಎಂದದ್ದೂ ಒಂದಾಗಿ ಉಳಿಯಲಿಲ್ಲ. ಸಾಲು ತಪ್ಪಿಸುವುದಕ್ಕೆ ಬೇರೆ ಪಾಸು, ದಿನಕ್ಕೊಂದು ದರ, ಮೇಲೆ ಪಾರ್ಕಿಂಗು. ನಮ್ಮ ಕಸುಬಿನವರು ಬರೆದ ಪ್ರೋಗ್ರಾಮುಗಳೇ ಈ ದರಗಳನ್ನು ಏರಿಸಿ ಇಳಿಸುತ್ತಿವೆ ಎಂಬುದನ್ನೂ ಹೇಳಿಬಿಡಬೇಕು. ಗರ್ನಿಗೆ ಕಾರಿಲ್ಲದೆ ಹೋಗುವವರು ಅಪರೂಪ. ಹಾಗಾಗಿ ಪಾರ್ಕಿಂಗು ಹೆಸರಿಗೆ ಬೇರೆ, ನಿಜಕ್ಕೆ ಟಿಕೆಟ್ಟಿನದೇ ಭಾಗ. ರಿಯಾಯಿತಿ ಕೂಪನ್ ಹುಡುಕಿ ಹೋದವನಿಗೆ ಮೂಗಿಗಿಂತ ಮೂಗುತಿ ಭಾರ.

ಜನ ಇದಕ್ಕೆ ಏನೆಂದರು? ಗೊಣಗಿದರು, ಕಾರು ಹಂಚಿಕೊಂಡರು, ವರ್ಷದ ಪಾಸು ಕೊಂಡರು. ನಮ್ಮವರು ಇನ್ನೊಂದು ಉಪಾಯ ಮಾಡಿದರು. ಒಳಗಿನ ಊಟ ದುಬಾರಿ, ಹೊರಗಿನದಕ್ಕೆ ಪ್ರವೇಶವಿಲ್ಲ. ಹಾಗಾಗಿ ಮಧ್ಯಾಹ್ನ ಕಾರಿನ ಡಿಕ್ಕಿ ತೆರೆದು ಚಿತ್ರಾನ್ನ, ಮೊಸರನ್ನ. ದುಡ್ಡು ಕೊಟ್ಟ ಜಾಗದಲ್ಲಿ ಕಾರಿನ ಜೊತೆ ನಾವೂ ನಿಂತರೆ ತಪ್ಪೇನು?

ಆದರೆ ಜನರ ನಿಜವಾದ ಉತ್ತರ ಮೌನದ್ದು. ಬರದೇ ಇರುವುದು. 2021ರ ಕೊನೆಯಲ್ಲಿ ಸಿಕ್ಸ್ ಫ್ಲ್ಯಾಗ್ಸ್ ಮುಖ್ಯಸ್ಥರಾದ ಸೆಲಿಮ್ ಬಸೂಲ್ ರಿಯಾಯಿತಿಗಳನ್ನು ಕತ್ತರಿಸಿ ದರ ಏರಿಸಿದರು. ಪಾರ್ಕುಗಳು ಹದಿಹರೆಯದ ಹುಡುಗರಿಗೆ ಅಗ್ಗದ ಶಿಶುವಿಹಾರವಾಗಿಬಿಟ್ಟಿವೆ, ಹೆಚ್ಚು ಖರ್ಚು ಮಾಡುವ ಗಿರಾಕಿ ಬೇಕು ಎಂಬುದು ಅವರ ವಾದ. 2021ರಲ್ಲಿ ಬಳಗದ ಪಾರ್ಕುಗಳಿಗೆ ಬಂದವರು 2 ಕೋಟಿ 77 ಲಕ್ಷ. 2022ರಲ್ಲಿ 2 ಕೋಟಿ 5 ಲಕ್ಷ! ತಲೆಗೆ ಖರ್ಚು ಏರಿತು, ಒಟ್ಟು ಆದಾಯ ಇಳಿಯಿತು. 2024ರ ಜುಲೈನಲ್ಲಿ ಕಂಪನಿ ಸೀಡರ್ ಫೇರ್ ಜೊತೆ ವಿಲೀನವಾಯಿತು.

ಹಾಗಾದರೆ ಜನ ಗೆದ್ದರೇ? ಅಷ್ಟು ಸುಲಭವಲ್ಲ. ಇನ್ನೊಂದು ಮಗ್ಗುಲು ನೋಡಿ. ಅಗ್ಗವಾಗಿದ್ದ ರಿವರ್‌ವ್ಯೂ 1967ರಲ್ಲಿ ಜನ ಬರುತ್ತಿರುವಾಗಲೇ ಮುಚ್ಚಿತು, ಏಕೆಂದರೆ ಆಟಕ್ಕಿಂತ ಜಮೀನಿಗೆ ಬೆಲೆ ಬಂತು. ನಮಗೆ ಹತ್ತಿರದ ಮೆಲ್ರೋಸ್ ಪಾರ್ಕಿನ ಕಿಡ್ಡಿಲ್ಯಾಂಡ್ 1929ರಿಂದ ಮಕ್ಕಳನ್ನು ನಗಿಸಿ, ತಂಪು ಪಾನೀಯ ಪುಕ್ಕಟೆ ಕೊಡುತ್ತಿತ್ತು. 2009ರಲ್ಲಿ ಜಮೀನಿನ ತಕರಾರಿನಲ್ಲಿ ಮುಚ್ಚಿತು. ಆ ಜಾಗದಲ್ಲಿ ಕಾಸ್ಟ್‌ಕೋ ಬಂತು. ಗರ್ನಿಯ ಪಾರ್ಕಿನ ಅವಳಿ ಅಕ್ಕ, ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾದ ಗ್ರೇಟ್ ಅಮೆರಿಕಾ. ಅದರ ಜಮೀನನ್ನು 2022ರಲ್ಲಿ 31 ಕೋಟಿ ಡಾಲರಿಗೆ ಕೊಂಡದ್ದು ಗೋದಾಮು ಕಟ್ಟುವ ಪ್ರೊಲಾಜಿಸ್ ಕಂಪನಿ. ಸುತ್ತ ಗೋದಾಮುಗಳನ್ನೇ ನೋಡಿ ಬದುಕುವ ಎಲ್ಕ್ ಗ್ರೋವಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದರ ಏರಿಸಿದರೆ ಜನ ಹೋಗುತ್ತಾರೆ, ಇಳಿಸಿದರೆ ಜಮೀನು ಹೋಗುತ್ತದೆ.

ಮೂರನೆಯ ದಾರಿ ಸಾರ್ವಜನಿಕರದ್ದು. ಲಿಂಕನ್ ಪಾರ್ಕ್ ಮೃಗಾಲಯಕ್ಕೆ ಇಂದಿಗೂ ಪ್ರವೇಶ ಪುಕ್ಕಟೆ, ಅಲ್ಲೂ ಪಾರ್ಕಿಂಗಿಗೆ ದುಡ್ಡು ಅನ್ನಿ. ನಮ್ಮೂರಿನ ಪಾರ್ಕ್ ಡಿಸ್ಟ್ರಿಕ್ಟ್ ಪುಟ್ಟ ಮಕ್ಕಳಿಗೆಂದೇ ಪೈರೇಟ್ಸ್ ಕೋವ್ ನಡೆಸುತ್ತಿದೆ. ದೊಡ್ಡ ರೋಲರ್ ಕೋಸ್ಟರ್ ಇಲ್ಲ, ಆದರೆ ಐದು ವರ್ಷದ ಮಗುವಿಗೆ ಅದು ಬೇಕಾಗಿಯೂ ಇಲ್ಲ. ಬಸ್ಸಿ ವುಡ್ಸ್‌ನಲ್ಲಿ ಬೇಲಿಯಾಚೆ ಎಲ್ಕ್ ನೋಡಲು ಯಾರೂ ಟಿಕೆಟ್ ಕೇಳುವುದಿಲ್ಲ.

ಇದೆಲ್ಲ ಯಾಕೆ ಬರೆದೆ ಅಂದರೆ, ಬೇಸಿಗೆಯ ವಿಹಾರ ಎಲ್ಲಿಗೆ ಎಂದು ನಮ್ಮ ಬಳಗಗಳಲ್ಲೂ ಚರ್ಚೆ ನಡೆಯುತ್ತದೆ. ಹೊಸದಾಗಿ ಬಂದ ಒಂಟಿ ಸಂಬಳದ ಸಂಸಾರ, ಓದುತ್ತಿರುವ ಹುಡುಗರು "ನಮಗೆ ಕಷ್ಟ" ಎಂದು ಬಾಯಿಬಿಟ್ಟು ಹೇಳುವುದಿಲ್ಲ. "ಮಗುವಿಗೆ ಜ್ವರ" ಅನ್ನುತ್ತಾರೆ. ಸಿಕ್ಸ್ ಫ್ಲ್ಯಾಗ್ಸ್ ಕಂಪನಿಗೆ ಬರದವರ ಲೆಕ್ಕ ಸಿಗಲು ಒಂದು ವರ್ಷ ಬೇಕಾಯಿತು. ನಮಗೆ ಒಂದು ಫೋನ್ ಸಾಕು. ಎಲ್ಲರನ್ನೂ ಕರೆಯುವ ವಿಹಾರಕ್ಕೆ ಕಾಡಿನ ಮರದ ನೆರಳೇ ಇರಲಿ, ಗರ್ನಿಗೆ ಬೇಕಾದವರು ಇನ್ನೊಂದು ದಿನ ಹೋಗಲಿ ಎಂಬುದು ನನ್ನ ಸೂಚನೆ.

ಇನ್ನೊಂದು ಕೋರಿಕೆ. ಎಪ್ಪತ್ತರ ದಶಕದಲ್ಲೇ ಚಿಕಾಗೋ, ಡೆಟ್ರಾಯಿಟ್ ಸೇರಿದ ಹಿರಿಯರು ನಮ್ಮ ನಡುವೆ ಇದ್ದಾರೆ. ಮ್ಯಾರಿಯಟ್ ಕಾಲದ ಗ್ರೇಟ್ ಅಮೆರಿಕಾ ಟಿಕೆಟ್ ತುಂಡು, ಬಾಬ್ಲೋ ಹಡಗಿನ ಫೋಟೋ ಯಾರ ಆಲ್ಬಮ್ಮಿನಲ್ಲಾದರೂ ಉಳಿದಿದ್ದರೆ ದಯವಿಟ್ಟು ಈ ಪತ್ರಿಕೆಗೆ ಬರೆದು ಕಳಿಸಿ. ಎಷ್ಟು ಕೊಟ್ಟಿರಿ, ಯಾರನ್ನು ಮನೆಯಲ್ಲಿ ಬಿಟ್ಟು ಹೋದಿರಿ, ಎರಡನ್ನೂ ಬರೆಯಿರಿ.